ಖಾಲಿ ದಾರಿ ಯಾರಿಗೆ ಬೇಕು?

"ಅಲ್ಲಪಾ, ಲಕ್ಷ ರೂಪಾಯಿ ಮ್ಯಾಲೆ ಕೊಟ್ಟು ಸೈಕಲ್ ತಗೊಂಡೀ. ಈಗ ಡಾಂಬರ್ ರಸ್ತೆ ಬಿಟ್ಟು ಚಕ್ಕಡಿ ಹಾದಿ ಹುಡುಕ್ಕೊಂಡು ಹೊಂಟೀ. ಎಲ್ಲಾ ಸರಿ ಐತಿಲ್ಲೋ?"

ಕಳೆದ ವರ್ಷ ಸಂಕ್ರಾಂತಿಗೆ ಊರಿಗೆ ಹೋದಾಗ ನಮ್ಮ ಕಾಕಾ ಕೇಳಿದ್ದು ಇದು. ನಕ್ಕು ಸುಮ್ಮನಾದೆ. ಆ ನಗುವಿಗೆ ಆಮೇಲೆ ಒಂದು ವರ್ಷ ಉತ್ತರ ಹುಡುಕಬೇಕಾಯಿತು.

ಕಾಕಾ ಕೇಳಿದ್ದು ನನ್ನ ಗ್ರಾವೆಲ್ ಬೈಕಿನ ಬಗ್ಗೆ. ನೋಡೋಕೆ ರೇಸ್ ಸೈಕಲ್ ಥರಾನೇ, ಬಾಗಿದ ಹ್ಯಾಂಡಲ್. ಆದರೆ ಟೈರು 40 ಮಿಲಿಮೀಟರ್ ಅಗಲ. ಟ್ಯೂಬ್ ಇಲ್ಲ, ಒಳಗೆ ಹಾಲಿನಂಥ ಸೀಲೆಂಟ್ ಇರುತ್ತೆ. ಜಾಲಿ ಮುಳ್ಳು ಚುಚ್ಚಿದರೆ ತೂತು ತಾನೇ ಮುಚ್ಚಿಕೊಳ್ಳುತ್ತೆ. ಕಲ್ಲು, ಮಣ್ಣು, ಒಣಗಿದ ಹೊಲದ ದಾರಿ ಇಂಥದ್ದಕ್ಕೇ ಮಾಡಿದ ಸೈಕಲ್. ಇದನ್ನು ಓಡಿಸುವವರೆಲ್ಲ ಹುಡುಕುವುದು ಒಂದನ್ನೇ: ಗಾಡಿ ಇಲ್ಲದ ದಾರಿ. ದುಡ್ಡಿದ್ದವರು ಅದಕ್ಕಾಗಿ ಮರುಭೂಮಿಗೆ ಹೋಗ್ತಾರೆ. ನನಗೆ ಅಷ್ಟು ದೂರ ಹೋಗಬೇಕಿಲ್ಲ. ಫಸಲು ತೆಗೆದ ಮೇಲೆ ಮಾರ್ಚ್ ತಿಂಗಳಲ್ಲಿ ಸವಣೂರು ತಾಲ್ಲೂಕಿನ ಎರಿ ಹೊಲ ನೋಡಿ. ಬಿರುಕು ಬಿಟ್ಟ ಕಪ್ಪು ನೆಲ, ನೆರಳಿಗೆ ಅಲ್ಲೊಂದು ಇಲ್ಲೊಂದು ಬೇವಿನ ಮರ, ಒಂದು ಗಂಟೆ ಹೋದರೂ ಎದುರಿಗೆ ಯಾರೂ ಸಿಗಲ್ಲ. ನಮಗೆ ಅದೇ ಮರುಭೂಮಿ.

ನನ್ನ ಮೆಚ್ಚಿನ ದಾರಿ ಊರ ಹಿಂದಿನ ಚಕ್ಕಡಿ ಹಾದಿಯಿಂದ ಶುರು. ಎರಿ ದಾಟಿ ಶಿಗ್ಗಾವಿ ಕಡೆ ಬಂದರೆ ಬೆಂಗಳೂರು-ಪುಣೆ ಹೆದ್ದಾರಿ ಅಡ್ಡ ಬರುತ್ತೆ. ಅಲ್ಲಿ ಲಾರಿಗಳ ಸದ್ದಿಗೆ ಎದೆ ನಡುಗುತ್ತೆ. ಹೆದ್ದಾರಿ ದಾಟಿ ಬಂಕಾಪುರದ ಕೋಟೆ ಹಿಂದೆ ಹಾಕಿ ಹಾನಗಲ್ ಕಡೆ ತಿರುಗಿದರೆ ಮಣ್ಣು ಕೆಂಪಾಗುತ್ತಾ ಹೋಗುತ್ತೆ. ಭತ್ತದ ಗದ್ದೆ, ಮಾವಿನ ತೋಪು, ಕೆರೆ ಏರಿ ಬರುತ್ತವೆ. ಎರಡು ದಿನ ಸಿಕ್ಕರೆ ಹಿರೇಕೆರೂರಿನ ಕಡೆಗೂ ಹೋಗಿ ಬರ್ತೀನಿ. ಆ ಹೊತ್ತಲ್ಲಿ ಸ್ಟ್ಯಾಂಡಪ್ ಮೀಟಿಂಗ್, ಪ್ರೊಡಕ್ಷನ್ ಬಗ್, ಇಎಂಐ ಯಾವುದೂ ನೆನಪಿರಲ್ಲ. ಈ ಸುಖ ಸುಳ್ಳಲ್ಲ ಅಂತ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಮುಂದೆ ನಾನು ನನ್ನನ್ನೇ ಬೈದುಕೊಳ್ಳುವವನಿದ್ದೇನೆ.

ಆ ಸಂಕ್ರಾಂತಿಯ ದಿನ ಕಾಕಾ ಇನ್ನೊಂದು ಮಾತು ಹೇಳಿದ್ದರು. "ಆ ಹಾದಿಗೆ ಖಡಿ ಹಾಕ್ಸಬೇಕಂತ ಪಂಚಾಯ್ತಿಗೆ ಅರ್ಜಿ ಕೊಡಬೇಕಾಗೇತಿ. ನೀ ಓದಿದಂವ, ನೀನ ಒಂದೀಟು ಚಂದಗೆ ಬರದು ಕೊಡು. ಈ ವರ್ಷದ ಕ್ರಿಯಾ ಯೋಜನೆದಾಗ ಸೇರ್ಲಿ."

ಹೊಲದ ದಾರಿಗಳನ್ನು ನರೇಗಾದಡಿ ಮಾಡಿಸಬಹುದಿತ್ತು. 'ನಮ್ಮ ಹೊಲ ನಮ್ಮ ದಾರಿ' ಅನ್ನುವ ಹೆಸರು ರೈತರ ಬಾಯಲ್ಲೆಲ್ಲ ಇದೆ. ಆದರೆ ಕೆಲಸ ಪಂಚಾಯ್ತಿಯ ವಾರ್ಷಿಕ ಪಟ್ಟಿಯಲ್ಲಿ ಸೇರಬೇಕು. ಅರ್ಜಿ ಬರೆಯೋಕೆ ನನಗೆ ಬೇಕಾಗಿದ್ದು ಅರ್ಧ ಗಂಟೆ. "ಬೆಂಗಳೂರಿಗೆ ಹೋಗಿ ಕಳಸ್ತೀನಿ ಕಾಕಾ" ಅಂದೆ. ಕಳಿಸಲಿಲ್ಲ.

ಮರೆತೆ ಅಂತ ಎಲ್ಲರಿಗೂ ಹೇಳಿದೆ. ಮರೆತಿರಲಿಲ್ಲ. ಫೋನಿನ ನೋಟ್ಸ್‌ನಲ್ಲಿ ಬರೆದಿಟ್ಟಿದ್ದೆ, ವಾರಕ್ಕೊಮ್ಮೆ ಕಣ್ಣಿಗೆ ಬೀಳುತ್ತಿತ್ತು. ಖಡಿ ಬಿದ್ದರೆ ನಾಳೆ ಡಾಂಬರು ಬೀಳುತ್ತೆ, ಡಾಂಬರು ಬಿದ್ದರೆ ಟಂಟಂ, ಟಿಪ್ಪರು ಬರುತ್ತವೆ, ನನ್ನ ದಾರಿ ಹೋಯಿತು. ಒಳಗೆ ಇದ್ದದ್ದು ಇಷ್ಟೇ.

ಮೆಕ್ಕೆಜೋಳ ಮುರಿಯುವ ಹೊತ್ತಿಗೆ ಆ ವರ್ಷ ಮಳೆ ಹಿಡಿಯಿತು. ಎರಿ ಮಣ್ಣು ಒದ್ದೆಯಾದರೆ ಏನಾಗುತ್ತೆ ಅಂತ ಗೊತ್ತಿದ್ದವರಿಗೆ ಗೊತ್ತು. ಗಾಲಿಗೆ ಅಂಟಿ, ಅದರ ಮೇಲೆ ಮತ್ತಷ್ಟು ಅಂಟಿ, ಕೊನೆಗೆ ಗಾಲಿಯೇ ತಿರುಗಲ್ಲ. ಕಾಕಾನ ಮಾಲು ತುಂಬಿದ ಟ್ರಾಕ್ಟರ್ ಆ ಹಾದಿಯಲ್ಲಿ ಹೂತುಕೊಂಡು ಎರಡು ದಿನ ನಿಂತಿತು. ತಾಡಪತ್ರಿ ಹೊದಿಸಿದರೂ ಕೆಳಗಿನ ತೆನೆಗೆ ಬೂಸ್ಟು ಹಿಡಿಯಿತು. ಫೋನಿನಲ್ಲಿ ಕಾಕಾ ಅರ್ಜಿಯ ಮಾತೇ ಎತ್ತಲಿಲ್ಲ. "ಏನ್ ಮಾಡೂದು, ಮಳಿ" ಅಂದರು, ಅಷ್ಟೇ.

ಲೆಕ್ಕ ಹಾಕಿ ನೋಡಿದರೆ ನಾನು ಅರ್ಜಿ ಬರೆದಿದ್ದರೂ ಅಷ್ಟರಲ್ಲಿ ರಸ್ತೆ ಆಗಿರುತ್ತಿರಲಿಲ್ಲ. ಟ್ರಾಕ್ಟರ್ ಹೇಗೂ ಹೂಳುತ್ತಿತ್ತು. ಈ ವಾದವನ್ನು ನಾನು ಕೆಲವು ದಿನ ಹಿಡಿದುಕೊಂಡಿದ್ದೆ. ಆದರೆ ತಪ್ಪು ಬರೀ ಪರಿಣಾಮದಲ್ಲಿ ಇರುತ್ತಾ? ನನ್ನ ವೀಕೆಂಡಿನ ಖುಷಿಗಾಗಿ ಅವರ ಬೇಡಿಕೆಯನ್ನು ನಾನು ಸುಮ್ಮನೆ ಜೇಬಲ್ಲಿಟ್ಟುಕೊಂಡೆ. ಬೇಡ ಅಂತ ಎದುರಿಗೆ ಹೇಳಿದ್ದರೆ ಅದು ವಾದವಾಗುತ್ತಿತ್ತು, ಅವರೂ ಉತ್ತರ ಕೊಡುತ್ತಿದ್ದರು. ನಾನು ಅದಕ್ಕೂ ಅವಕಾಶ ಕೊಡಲಿಲ್ಲ.

ಇದರಲ್ಲಿ ಇತಿಹಾಸದ ಒಂದು ತಮಾಷೆಯೂ ಇದೆ. ಅಮೆರಿಕದಲ್ಲಿ ಒಳ್ಳೆಯ ರಸ್ತೆ ಬೇಕು ಅಂತ ಮೊದಮೊದಲು ಗಲಾಟೆ ಎಬ್ಬಿಸಿದವರಲ್ಲಿ ಕಾರಿನವರಿಗಿಂತ ಮುಂಚೆ ಇದ್ದವರು ಸೈಕಲ್ಲಿನವರು. ಅಲ್ಲಿನ ಸೈಕಲ್ ಸವಾರರ ಸಂಘ 1880ರಲ್ಲಿ ಹುಟ್ಟಿತು, 1892ರಲ್ಲಿ 'ಗುಡ್ ರೋಡ್ಸ್' ಅನ್ನುವ ಪತ್ರಿಕೆಯನ್ನೇ ಶುರು ಮಾಡಿತು. ಆಗ ಅನುಮಾನ ಪಟ್ಟವರಲ್ಲಿ ರೈತರಿದ್ದರು: ಪೇಟೆಯವರ ಷೋಕಿಗೆ ನಮ್ಮಿಂದ ಯಾಕೆ ತೆರಿಗೆ? ರಸ್ತೆಗಳಾದವು, ಕಾರುಗಳು ಬಂದು ಅವನ್ನು ತುಂಬಿಕೊಂಡವು. ಈಗ ಸೈಕಲ್ಲಿನವರು ಮಣ್ಣಿನ ದಾರಿಗೆ ವಾಪಸ್ ಓಡುತ್ತಿದ್ದಾರೆ. ಕಾನ್ಸಸ್ ರಾಜ್ಯದಲ್ಲಿ 2006ರಲ್ಲಿ ಶುರುವಾದ 200 ಮೈಲಿಯ ಗ್ರಾವೆಲ್ ರೇಸ್ ಇವತ್ತು ಜಗತ್ಪ್ರಸಿದ್ಧ. ಅವತ್ತು ರಸ್ತೆ ಬೇಕು ಅಂದವರೂ ನಾವೇ, ಇವತ್ತು ಬೇಡ ಅನ್ನುವವರೂ ನಾವೇ. ಎರಡೂ ಸಲ ಹೊಲದವನನ್ನು ಮೊದಲು ಕೇಳಿದವರು ಕಡಿಮೆ.

ಅಷ್ಟು ದೂರ ಯಾಕೆ, ನಮ್ಮ ಮನೆಯದ್ದೇ ಕಥೆ ಇದೆ. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರಿ ಸೈಕಲ್ ಕೊಡುವ ಯೋಜನೆ ಬಂತು. ಮುಂದೆ ನನ್ನ ತಂಗಿಗೂ ಒಂದು ಸಿಕ್ಕಿತು. ಹೈಸ್ಕೂಲಿಗೆ ಹತ್ತಿರವಾಗುತ್ತೆ ಅಂತ ಇದೇ ಹಾದಿಯಲ್ಲಿ ಹೋಗುತ್ತಿದ್ದಳು. ಮಳೆಗಾಲದಲ್ಲಿ ಮಡ್‌ಗಾರ್ಡಿನೊಳಗೆ ಮಣ್ಣು ಕಟ್ಟಿ ಗಾಲಿ ನಿಂತುಬಿಡುತ್ತಿತ್ತು. ಸೈಕಲ್ ಮನೆಯಲ್ಲಿ ಬಿಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದಳು. ಹೋದ ವರ್ಷ ನಾನು ಹಾಕಿದ ಫೋಟೋಗೆ ಅವಳು ಕಮೆಂಟ್ ಮಾಡಿದ್ದು ಒಂದೇ ಸಾಲು: "ಅಣ್ಣಾ, ಆ ಹಾದಿ ಜೂನ್‌ದಾಗ ತಗದು ಹಾಕು." ಗಾಡಿ ಇಲ್ಲದ ದಾರಿ ಅಂದರೆ ನನಗೆ ಬಿಡುಗಡೆ. ಅವಳಿಗೆ ಅದು ಬಸ್ಸು ಬರದ ದಾರಿ.

ಆ ದಾರಿ ಯಾಕೆ ಖಾಲಿ ಇದೆ ಅಂತ ನಾನು ಅಲ್ಲಿಯವರೆಗೆ ಕೇಳಿಕೊಂಡೇ ಇರಲಿಲ್ಲ. ಅದು ಪ್ರಕೃತಿ ಕೊಟ್ಟದ್ದಲ್ಲ. ಇಂಥ ಕೆಲವು ದಾರಿ ಗ್ರಾಮ ನಕಾಶೆಯಲ್ಲಿವೆ, ಎಷ್ಟೋ ಇಲ್ಲ, ಬರೀ ವಹಿವಾಟಿನಿಂದ ಉಳಿದವು. ಎರಡೂ ಬದಿಯ ಹೊಲದವರು ಪ್ರತಿವರ್ಷ ಕೂರಿಗೆಯನ್ನು ಒಂದು ಮಾರು ಮೊದಲೇ ತಿರುಗಿಸಿಕೊಳ್ಳುತ್ತಾರೆ, ಅದಕ್ಕೇ ದಾರಿ ಉಳಿದಿದೆ. ಒಬ್ಬ ನಾಲ್ಕು ಸಾಲು ಹೆಚ್ಚು ಬಿತ್ತಿದರೆ ಚಕ್ಕಡಿ ನಿಲ್ಲುತ್ತೆ, ಜಗಳ ಶುರುವಾಗುತ್ತೆ. ಇನ್ನು ಜನ ಯಾಕಿಲ್ಲ? ನನ್ನ ಜೊತೆ ಓದಿದವರಲ್ಲಿ ಅರ್ಧ ಜನ ಹುಬ್ಬಳ್ಳಿ, ಬೆಂಗಳೂರು, ಗೋವಾ ಸೇರಿದ್ದಾರೆ. ದಾರಿ ಖಾಲಿ ಮಾಡಿದವರಲ್ಲಿ ನಾನೂ ಒಬ್ಬ. ಖಾಲಿ ಮಾಡಿ ಹೋದವನೇ ವಾಪಸ್ ಬಂದು "ಆಹಾ, ಎಷ್ಟು ಶಾಂತವಾಗಿದೆ, ಹೀಗೇ ಇರಲಿ" ಅಂದರೆ ಹೇಗೆ?

ಹಾಗಂತ ರಸ್ತೆ ಬಂದದ್ದೆಲ್ಲ ಲಾಭ ಅಂತಲೂ ನಾನು ಹೇಳಲಾರೆ. ಊರ ಮುಂದಿನ ದಾರಿಗೆ ಡಾಂಬರು ಆದ ಮೇಲೆ ದೊಡ್ಡವ್ವ ಸಂಜೆ ಕಟ್ಟೆಯ ಮೇಲೆ ಕೂರುವುದು ಬಿಟ್ಟರು. ಬೈಕಿನ ಹುಡುಗರ ಸ್ಪೀಡಿಗೆ ಮಕ್ಕಳನ್ನು ಹೊರಗೆ ಬಿಡೋಕೆ ಭಯ. ಊರು ಏನೋ ಕಳೆದುಕೊಂಡಿದ್ದು ನಿಜ. ಆದರೆ ಆ ನಷ್ಟವನ್ನು ಲಾಭದ ಎದುರು ತೂಗುವ ಹಕ್ಕು ದೊಡ್ಡವ್ವನಿಗಿದೆ, ಕಾಕಾನಿಗಿದೆ. ವರ್ಷಕ್ಕೆ ಹತ್ತು ದಿನ ಬರುವ ನನಗೆ ಇಲ್ಲ. ದಾರಿ ಕೆಟ್ಟಿರುವುದರ ಖರ್ಚು ನಾನು ಕಟ್ಟುತ್ತಿಲ್ಲ. ನನಗೆ ಅನಿಸುವುದನ್ನು ನಾನು ಹೇಳಬಹುದು, ಆದರೆ ನಿರ್ಧಾರ ಮಾಡೋಕೆ ಬರಲ್ಲ.

ಈ ಯುಗಾದಿಗೆ ಅರ್ಜಿ ಬರೆದುಕೊಂಡು ಹೋದೆ. ಸೈಕಲ್ಲಿನ ಜಿಪಿಎಸ್‌ನಲ್ಲಿ ಆ ಹಾದಿಯ ಪೂರ್ತಿ ಲೆಕ್ಕ ಇತ್ತು. ಎಷ್ಟು ಉದ್ದ, ಎಲ್ಲಿ ತಗ್ಗು, ಹಳ್ಳದ ಹತ್ತಿರ ಎಲ್ಲಿ ಪೈಪು ಹಾಕಬೇಕು, ಎಲ್ಲವನ್ನೂ ನಕ್ಷೆ ಮಾಡಿ ಜೊತೆಗೆ ಲಗತ್ತಿಸಿದೆ. ಲೈಕಿಗಾಗಿ ಕೂಡಿಟ್ಟ ಡೇಟಾ ಮೊದಲ ಸಲ ಒಂದು ಕೆಲಸಕ್ಕೆ ಬಂತು. ಹೋದ ವರ್ಷ ಯಾಕೆ ಕಳಿಸಲಿಲ್ಲ ಅನ್ನುವುದನ್ನೂ ಕಾಕಾನಿಗೆ ಹೇಳಿದೆ. ಒಂದು ವರ್ಷ ಹೋದದ್ದು ಹೋಯಿತು, ಅದನ್ನು ವಾಪಸ್ ಕೊಡೋಕೆ ನನ್ನಿಂದ ಆಗಲ್ಲ. ಕೊನೆಗೆ ಒಂದೇ ಮಾತು ಕೇಳಿಕೊಂಡೆ: ತಿರುವಿನಲ್ಲಿರುವ ಬೇವಿನ ಮರ ಕಡಿಯದೆ ಆಗುತ್ತಾ?

ಕಾಕಾ ಅರ್ಜಿಯನ್ನು ಎರಡು ಸಲ ಓದಿದರು. ಮಡಚಿ ಅಂಗಿ ಕಿಸೆಯಲ್ಲಿ ಇಟ್ಟುಕೊಂಡರು.

"ಮರ ನೋಡೂಣು, ಎಲ್ಲಾರ್ನೂ ಕೇಳಬೇಕು. ಅದಿರ್ಲಿ, ರಸ್ತೆ ಆದ್ಮ್ಯಾಲೆ ಸೈಕಲ್ ಎಲ್ಲಿ ಹೊಡೀತಿ?"

"ಬ್ಯಾರೆ ಹಾದಿ ಹುಡುಕ್ತೀನಿ, ಕಾಕಾ."

"ಹುಡುಕು. ಅಲ್ಲೂ ಯಾರರ ಒಬ್ರು ಅರ್ಜಿ ಹಿಡ್ಕೊಂಡು ಕುಂತಿರ್ತಾರ. ಮೊದ್ಲ ಅವರ್ನ ಮಾತಾಡಸು."