ಬರೆದಿಟ್ಟ ಕಾರ್ಯವೂ ಮರೆತ ಆದರವೂ

ಬೆಳಗ್ಗೆ ಎದ್ದೊಡನೆ ಅಂದಿನ ಕೆಲಸಗಳನ್ನು ಚೀಟಿಯಲ್ಲಿ ಬರೆದುಕೊಂಡು, ಮುಗಿದುದನ್ನು ಒಂದೊಂದಾಗಿ ಹೊಡೆದುಹಾಕುವ ಪದ್ಧತಿ ಅನೇಕ ಶ್ರಾವಕರಲ್ಲಿದೆ. ಪಾಠಟಿಪ್ಪಣಿ ಬರೆಯದೆ ತರಗತಿಗೆ ಕಾಲಿಡಬಾರದೆಂಬ ಶಿಸ್ತಿನಲ್ಲಿ ಬಾಳಿದ ನನಗೂ ನಿವೃತ್ತಿಯ ಬಳಿಕ ಆ ಅಭ್ಯಾಸ ಉಳಿದಿದೆ. ವ್ರತನಿಯಮಗಳನ್ನೂ ಈ ಚೀಟಿಯಲ್ಲಿ ಸೇರಿಸಬಹುದೇ? ಸೇರಿಸಿದರೆ ಆತ್ಮಕ್ಕೆ ಹಿತವೋ ಅಹಿತವೋ? ಇದು ವಿಚಾರಾರ್ಹವಾದ ಪ್ರಶ್ನೆ.

ಮರೆವನ್ನು ನಮ್ಮ ಆಚಾರ್ಯರು ಸಣ್ಣ ದೋಷವೆಂದು ಬದಿಗೊತ್ತಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸಾಮಾಯಿಕಕ್ಕೂ ಪ್ರೋಷಧೋಪವಾಸಕ್ಕೂ ಐದೈದು ಅತಿಚಾರಗಳನ್ನು ಹೇಳುವಾಗ ಸ್ಮೃತ್ಯನುಪಸ್ಥಾನವನ್ನು, ಅಂದರೆ ಮಾಡಬೇಕಾದುದರ ನೆನಪು ನಿಲ್ಲದಿರುವುದನ್ನು, ಎರಡೆಡೆಯೂ ಎಣಿಸುತ್ತದೆ. ಆದುದರಿಂದ ಅಷ್ಟಮಿ ಚತುರ್ದಶಿಗಳನ್ನೂ, ಹಿಡಿದ ನಿಯಮದ ಅವಧಿಯನ್ನೂ ಬರೆದಿಡುವುದು ತಪ್ಪಲ್ಲ. ಆದರೆ ಎರಡೆಡೆಯೂ ಮರೆವಿನ ಪಕ್ಕದಲ್ಲಿಯೇ ಅನಾದರವೆಂಬ ಅತಿಚಾರವೂ ಇದೆ. ಚೀಟಿಯು ಮರೆವಿಗೆ ಮದ್ದು, ಅನಾದರಕ್ಕೆ ಮದ್ದಲ್ಲ. ಕೆಲವೊಮ್ಮೆ ಅದಕ್ಕೆ ಕಾರಣವೂ ಆಗುತ್ತದೆ.

ನನ್ನ ಅನುಭವವನ್ನೇ ಹೇಳುತ್ತೇನೆ. ಒಂದು ಚತುರ್ದಶಿಯ ಬೆಳಗ್ಗೆ ಚೀಟಿಯಲ್ಲಿ ಸಾಮಾಯಿಕ, ಸ್ವಾಧ್ಯಾಯ, ವಿದ್ಯುತ್ ಬಿಲ್ಲು ಎಂದು ಸಾಲಾಗಿ ಬರೆದಿದ್ದೆ. ಉಪವಾಸದಲ್ಲಿದ್ದ ನೆರೆಮನೆಯ ವೃದ್ಧೆಯೊಬ್ಬರು ಬಾಗಿಲಿಗೆ ಬಂದು, “ಮೇಷ್ಟ್ರೇ, ತಲೆ ತಿರುಗುತ್ತಿದೆ. ಬಸದಿಯವರೆಗೆ ಕೈಹಿಡಿದು ಕರೆದೊಯ್ಯುತ್ತೀರಾ?” ಎಂದರು. ನಾನಿನ್ನೂ ಆಸನವನ್ನೇ ಹಾಕಿರಲಿಲ್ಲ. ಆದರೂ, “ಸಾಮಾಯಿಕದ ಹೊತ್ತಮ್ಮಾ, ಆಮೇಲೆ ಬನ್ನಿ” ಎಂದೆ. ಕುಳಿತ ಎರಡು ಗಳಿಗೆಯೂ ಮನಸ್ಸು ಬಿಲ್ಲು ಕಟ್ಟುವ ಸಾಲಿನಲ್ಲಿತ್ತು. ಎದ್ದು ಸಾಮಾಯಿಕದ ಮೇಲೆ ಗೆರೆ ಎಳೆದೆ. ಅಮ್ಮನವರು ಅಂದು ಜಿನದರ್ಶನವಿಲ್ಲದೆಯೇ ಮನೆಯಲ್ಲಿ ಮಲಗಿದರೆಂದು ಸಂಜೆ ತಿಳಿಯಿತು. ಆಲೋಚನೆಗೆಂದು ಕುಳಿತು ಚೀಟಿಯನ್ನು ನೋಡಿದರೆ ಎಲ್ಲ ಸಾಲುಗಳ ಮೇಲೂ ಗೆರೆಯಿತ್ತು. ನನ್ನ ದೋಷವನ್ನು ತೋರಿಸುವ ಸಾಲು ಒಂದೂ ಇರಲಿಲ್ಲ.

ಚೀಟಿಯ ಕೊರತೆ ಇಲ್ಲಿದೆ. ಮಾಡಿದೆನೋ ಇಲ್ಲವೋ ಎಂಬುದನ್ನು ಅದು ಹೇಳುತ್ತದೆ, ಹೇಗೆ ಮಾಡಿದೆನೆಂಬುದನ್ನು ಹೇಳದು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ನನು 13 ಸದ್ಗುಣಗಳ ಕೋಷ್ಟಕವೊಂದನ್ನು ಇಟ್ಟುಕೊಂಡಿದ್ದನೆಂದು ಅವನ ಆತ್ಮಚರಿತ್ರೆಯಿಂದ ತಿಳಿಯುತ್ತದೆ. ಅದರಲ್ಲಿ ಅವನು ಗುರುತು ಹಾಕುತ್ತಿದ್ದುದು ಸಾಧನೆಗಳಿಗಲ್ಲ, ಅಂದಂದಿನ ತಪ್ಪುಗಳಿಗೆ. ಅನ್ಯಮತೀಯನಾದರೂ ಈ ವಿಷಯದಲ್ಲಿ ಅವನು ನಮ್ಮ ಆಲೋಚನೆ ಪ್ರತಿಕ್ರಮಣಗಳಿಗೆ ಸಮೀಪದವನು.

ಇನ್ನೊಂದು ಭೇದವೂ ಗಮನಾರ್ಹ. ಲೋಕದ ಪಟ್ಟಿ ಕಾರ್ಯಗಳನ್ನು ಕೂಡಿಸುತ್ತ ಹೋಗುತ್ತದೆ; ವ್ರತದ ಪಟ್ಟಿ ಕಳೆಯುತ್ತ ಹೋಗುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಜೀವಾವಧಿಯ ತ್ಯಾಗವನ್ನು ಯಮವೆಂದೂ, ಕಾಲಮಿತಿಯುಳ್ಳ ತ್ಯಾಗವನ್ನು ನಿಯಮವೆಂದೂ ವಿಂಗಡಿಸಿ, ಭೋಜನ, ವಾಹನ, ಶಯನ, ಸ್ನಾನ ಮೊದಲಾದವನ್ನು ಒಂದು ದಿನ, ಒಂದು ರಾತ್ರಿ, ಒಂದು ಪಕ್ಷ ಎಂದು ಅಳೆದು ಬಿಡುವ ಕ್ರಮವನ್ನು ಹೇಳಿದ್ದಾರೆ. ಇಂದು ಏನನ್ನು ಮಾಡಲಿ ಎಂಬುದಕ್ಕಿಂತ ಇಂದು ಏನನ್ನು ಬಿಡಲಿ ಎಂಬುದೇ ಅಲ್ಲಿನ ಪ್ರಶ್ನೆ. ಹತ್ತು ಕೆಲಸಗಳನ್ನು ಬರೆದು ಹತ್ತರ ಹಿಂದೆಯೂ ಓಡುವವನಿಗೆ ಕೆಲಸಗಳೇ ಪರಿಗ್ರಹವಾಗುತ್ತವೆ. ಅವಕ್ಕೂ ಒಂದು ಪರಿಮಾಣ ಬೇಡವೇ?

ಆ ಚತುರ್ದಶಿಯ ನಂತರ ನಾನು ಚೀಟಿಯನ್ನು ಬಿಟ್ಟಿಲ್ಲ, ತಿದ್ದಿಕೊಂಡಿದ್ದೇನೆ. ಐದಕ್ಕಿಂತ ಹೆಚ್ಚು ಕೆಲಸ ಬರೆಯುವುದಿಲ್ಲ. ಮೊದಲ ಸಾಲು ಅಂದು ಬಿಡುವ ವಸ್ತುವಿಗೆ. ಕೊನೆಯ ಸಾಲು ಖಾಲಿ; ಕರೆಯದೆ ಬಾಗಿಲಿಗೆ ಬರುವವರಿಗಾಗಿ ಅದು ಮೀಸಲು. ಸಾಮಾಯಿಕದ ಮೇಲೆ ಗೆರೆ ಎಳೆಯುವುದಿಲ್ಲ. ಮನಸ್ಸು ಎಲ್ಲಿ ಅಲೆಯಿತೆಂಬುದನ್ನು ಸಂಜೆ ಅದರ ಪಕ್ಕದಲ್ಲಿ ಬರೆಯುತ್ತೇನೆ. ಬರೆಯಬೇಕಾಗದ ದಿನ ಇದುವರೆಗೆ ಬಂದಿಲ್ಲ.

ಮರುದಿನ ಪಾರಣೆಗೆ ಮುನ್ನ ಆ ಅಮ್ಮನವರ ಕೈಹಿಡಿದು ಬಸದಿಗೆ ಕರೆದೊಯ್ದೆ. ಅವರು ಹಿಂದಿನ ದಿನದ ಮಾತನ್ನು ಎತ್ತಲೇ ಇಲ್ಲ. ಅದನ್ನು ನೆನಪಿಡುವ ಹೊಣೆ ನನ್ನದೇ ಆಯಿತು.