ಬಾಗಿಲು ಎಲ್ಲಿ ಹಿಡಿಯುತ್ತಿದೆ?



ಚನ್ನಪಟ್ಟಣದ ನಮ್ಮ ಹಳೆಯ ಮನೆಯನ್ನು ಈ ಬೇಸಗೆಯಲ್ಲಿ ರಿಪೇರಿ ಮಾಡಿಸಿದೆ. ಅಜ್ಜನ ಕಾಲದಲ್ಲಿ ಅಲ್ಲಿ ಬಾಗಿಲೆಂದರೆ ಬಿದಿರಿನ ತಡಿಕೆ. ಅಪ್ಪ ಹಾಕಿಸಿದ ಬಾಗಿಲಲ್ಲಿ ತಲೆ ತಗ್ಗಿಸದೆ ಒಳಗೆ ಬರುವಂತಿರಲಿಲ್ಲ. ಏಳಡಿ ಎತ್ತರದ ತೇಗದ ಬಾಗಿಲು ನನ್ನ ಬಹುದಿನದ ಆಸೆ. ಬಾಗಿಲುವಾಡ ನಿಲ್ಲಿಸುವ ದಿನ ಅವ್ವ ಅರಿಶಿನ ಕುಂಕುಮ, ನವಧಾನ್ಯದ ಗಂಟು ಎಂದಳು. 1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ನಾಗಪುರದಲ್ಲಿ ಬೋಧಿಸಿದ 22 ಪ್ರತಿಜ್ಞೆಗಳನ್ನು ಸ್ವೀಕರಿಸಿದವನು ನಾನು. ಬೇಡ ಎಂದೆ. ಅವ್ವ ಸುಮ್ಮನಾದಳು.

ಕೆಲಸವೆಲ್ಲ ಮುಗಿದು ಮಳೆ ಹಿಡಿಯುವ ಹೊತ್ತಿಗೆ ಬಾಗಿಲು ಹಿಡಿಯತೊಡಗಿತು. ಭುಜ ಕೊಟ್ಟು ತಳ್ಳಬೇಕು. "ಪೂಜೆ ಮಾಡಿಸ್ದೆ ಇದ್ರೆ ಇನ್ನೇನಾಯ್ತದೆ" ಎಂದಳು ಅವ್ವ. ನಾನು ನಕ್ಕೆ. ನಕ್ಕವನು ಆಚಾರ್ರ ಬಾಕಿಯಲ್ಲಿ 3,000 ರೂಪಾಯಿ ಹಿಡಿದುಕೊಂಡೆ. ಹಸಿ ಮರ ಹಾಕಿ ಮೋಸ ಮಾಡಿದರು ಎಂದು ಟೀ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಹೇಳಿಯೂ ಬಿಟ್ಟೆ.

ಆಚಾರ್ರು ಬಂದರು. "ದುಡ್ಡಿನ ಮಾತು ಆಮೇಲೆ ಮೇಷ್ಟ್ರೆ, ಮೊದ್ಲು ನೋಡ್ಮಾ" ಎಂದು ಬಾಗಿಲನ್ನು ಅರ್ಧ ತೆರೆದು ಕೈಬಿಟ್ಟರು. ಅಲ್ಲೇ ನಿಂತಿತು. ಕೀಲಿನ ಕಡೆ ವಾಲಿದ್ದರೆ ಅದು ತಾನಾಗಿ ತೆರೆದುಕೊಳ್ಳುತ್ತದೆ, ಇಲ್ಲವೇ ಮುಚ್ಚಿಕೊಳ್ಳುತ್ತದೆ. ತೂಗುಗುಂಡು ಇಳಿಬಿಟ್ಟರು. ಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿದರು, ಎರಡೂ ಕಡೆ ಒಂದೇ ಅಳತೆ. ಕಿಟಕಿಯನ್ನೂ ಬಿಡಲಿಲ್ಲ. ಸಂದಿನಲ್ಲಿ ಪೇಪರ್ ಇಟ್ಟು ಮುಚ್ಚಿ ಎಳೆದರು, ಸುತ್ತಲೂ ಒಂದೇ ಬಿಗಿ. ಆಮೇಲೆ ಕೇಳಿದರು: "ಎಲ್ಲಿ ಹಿಡೀತದೆ, ತೋರ್ಸಿ."

ನಾನು ಅದನ್ನು ನೋಡಿಯೇ ಇರಲಿಲ್ಲ. ಇಷ್ಟು ದಿನ ತಳ್ಳಿದ್ದೆ, ಬೈದಿದ್ದೆ, ಒಮ್ಮೆಯೂ ಬಗ್ಗಿರಲಿಲ್ಲ. ಬಗ್ಗಿದರೆ ನೆಲದ ಮೇಲೆ ಅರ್ಧಚಂದ್ರದ ಗೀರು. ಅವರು ಅಳತೆ ತೆಗೆದಾಗ ನೆಲಕ್ಕೆ ಟೈಲ್ಸ್ ಎಂದು ಹೇಳಿದ್ದೆ. ಆಮೇಲೆ ಕನಕಪುರದ ಕಡೆಯಿಂದ ಗ್ರಾನೈಟ್ ಅಗ್ಗವಾಗಿ ಸಿಕ್ಕಿತು. ಹೆಚ್ಚುಕಡಿಮೆ ಎರಡರಷ್ಟು ದಪ್ಪ. ಅವರಿಗೆ ತಿಳಿಸಲಿಲ್ಲ. ಚಿಲಕದ ಕಡೆ ಸ್ವಲ್ಪ ಬಿಗಿಯಿದ್ದದ್ದು ಮಳೆಯಿಂದ. ಮರ ತೇವ ಕುಡಿದು ಅಗಲಕ್ಕೆ ಉಬ್ಬುತ್ತದೆ, ಉದ್ದಕ್ಕೆ ಅಷ್ಟಾಗಿ ಅಲ್ಲ. ಅದಕ್ಕೆ ಈಗಲೇ ಹತ್ತರಿ ಹೊಡೆದರೆ ಬೇಸಗೆಯಲ್ಲಿ ಸಂದು ಬೀಳುತ್ತದಂತೆ. ಕೆಳಗಡೆ ಮಾತ್ರ ಕೆತ್ತಿ ಕೊಟ್ಟರು.

ಕಾಲಾಮರಿಗೆ ಬುದ್ಧರು ಹೇಳಿದ್ದನ್ನು ನಮ್ಮ ವೃತ್ತದಲ್ಲಿ ಎಷ್ಟು ಸಲ ಓದಿಲ್ಲ! ಪರಂಪರೆಯಿಂದ ಬಂದಿದೆ ಎಂದು ಒಪ್ಪಬೇಡಿ, ಗ್ರಂಥದಲ್ಲಿದೆ ಎಂದು ಒಪ್ಪಬೇಡಿ. ಇವೆರಡನ್ನು ನಾವು ಅವ್ವಂದಿರ ಮುಂದೆ ಚೆನ್ನಾಗಿ ಪ್ರಯೋಗಿಸುತ್ತೇವೆ. ಅದೇ ಪಟ್ಟಿಯಲ್ಲಿ ಇನ್ನೊಂದಿದೆ: ಮೊದಲೇ ನೆಚ್ಚಿಕೊಂಡ ನಿಲುವಿಗೆ ಹೊಂದುತ್ತದೆ ಎಂಬ ಕಾರಣಕ್ಕೂ ಒಪ್ಪಬೇಡಿ. ಕೆಲಸದವರು ಮೋಸ ಮಾಡುತ್ತಾರೆ ಎಂಬುದು ನನ್ನೊಳಗೆ ಮೊದಲೇ ಇತ್ತು, ಬಾಗಿಲು ಹಿಡಿದದ್ದು ನೆಪವಾಯಿತು. ಅವ್ವನದು ಮೂಢನಂಬಿಕೆ ಎಂದೆ. ಅವಳಾದರೂ ಯಾರ ಕೂಲಿಯನ್ನೂ ಹಿಡಿದಿರಲಿಲ್ಲ.

ಅಂದೇ ಸಂಜೆ 3,000 ಕೊಟ್ಟು ತಪ್ಪಾಯಿತು ಎಂದೆ. ಆಚಾರ್ರು ಎಣಿಸಿ ಜೇಬಿಗಿಟ್ಟುಕೊಂಡರು, ಬೇರೇನೂ ಅನ್ನಲಿಲ್ಲ. "ಪೂಜೆಯಿಂದಲ್ಲ ಅವ್ವ, ಕಲ್ಲಿನ ದಪ್ಪ" ಎಂದು ಮನೆಯಲ್ಲಿ ಹೇಳಿದೆ. "ಆಗ್ಲಿ ಬುಡು. ಟೀ ಅಂಗ್ಡೀಲಿ ಅಂದ್ಯಲ್ಲ, ಅದ್ನೆಂಗೆ ವಾಪಸ್ ತತ್ತೀಯ?" ಎಂದಳು.

ಮೂವರಿಗೆ ಸಿಕ್ಕಿ ಹೇಳಿದೆ. ನಾಲ್ಕನೆಯವರು ಮಾಗಡಿಯವರು, ಅಲ್ಲಿ ಮನೆ ಕಟ್ಟಿಸುತ್ತಿದ್ದಾರೆ. ಫೋನ್ ಮಾಡಿದೆ. ಬಾಗಿಲು ಕಿಟಕಿ ಕೆಲಸವನ್ನು ಈ ಆಚಾರ್ರಿಗೇ ಕೊಡಬೇಕೆಂದಿದ್ದರಂತೆ. ನನ್ನ ಮಾತು ಕೇಳಿ ಬೇರೆಯವರಿಗೆ ಮುಂಗಡ ಕೊಟ್ಟಾಗಿದೆ. ಇದನ್ನು ಆಚಾರ್ರಿಗೆ ಇನ್ನೂ ಹೇಳಿಲ್ಲ. ಭಾನುವಾರ ಅವರ ಮನೆಗೆ ಹೋಗಬೇಕು.