ಅಂಕಕ್ಕೆ ಕಲಿತ ಮಾತು

“ಫ್ರೆಂಚ್ ತಗೊಂಡ್ರೆ ಮಾರ್ಕ್ಸ್ ಬತ್ತದೆ. ಕನ್ನಡ ತಗೊಂಡು ಏನ್ ಮಾಡಾನ?” ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನಗಳಲ್ಲಿ ಚನ್ನಪಟ್ಟಣ, ರಾಮನಗರದ ಕಡೆಯಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ಇಂಥ ಮಾತು ಕಿವಿಗೆ ಬೀಳುತ್ತದೆ. ಆಡಿದವರ ಮೇಲೆ ಸಿಟ್ಟಾಗುವುದು ಸುಲಭ. ಆದರೆ ಹಿಪ್ಪುನೇರಳೆ ಸೊಪ್ಪು ಕೊಯ್ದು, ಹುಳು ಸಾಕಿ, ಆ ದುಡ್ಡಿನಲ್ಲಿ ಮಗಳನ್ನು ಬೆಂಗಳೂರಿನ ಕಾಲೇಜಿಗೆ ಸೇರಿಸಲು ಹೊರಟ ಅಪ್ಪನಿಗೆ ಒಂದೊಂದು ಅಂಕವೂ ಮುಂದಿನ ಸೀಟಿನ ಲೆಕ್ಕ. ಅವನ ಮುಂದೆ ನಾಡುನುಡಿಯ ಭಾಷಣ ಬಿಗಿಯಲು ನನಗೆ ಬಾಯಿ ಬರುವುದಿಲ್ಲ.

ಲೆಕ್ಕ ಹೀಗಿದೆ. ಪದವಿಪೂರ್ವ ತರಗತಿಯಲ್ಲಿ ಎರಡು ಭಾಷೆ. ಒಂದು ಸಾಮಾನ್ಯವಾಗಿ ಇಂಗ್ಲಿಷ್. ಇನ್ನೊಂದರ ಜಾಗಕ್ಕೆ ಕನ್ನಡ, ಹಿಂದಿ, ಸಂಸ್ಕೃತ, ಉರ್ದು, ಫ್ರೆಂಚ್, ಹೀಗೆ ಆ ಕಾಲೇಜಿನಲ್ಲಿ ಕಲಿಸುವ ಯಾವುದನ್ನಾದರೂ ಆರಿಸಿಕೊಳ್ಳಬಹುದು. ಹತ್ತು ವರ್ಷ ಕನ್ನಡ ಓದಿ ಬಂದವರನ್ನು ಕನ್ನಡದ ಪತ್ರಿಕೆ ಹಳಗನ್ನಡಕ್ಕೆ, ವಚನಕ್ಕೆ ಎಳೆಯುತ್ತದೆ. ಫ್ರೆಂಚ್ ತೆಗೆದುಕೊಂಡವರಿಗೆ ನಮಸ್ಕಾರ ಹೇಳುವುದರಿಂದ ಪಾಠ ಶುರು. ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳಲ್ಲಿ ಕೆಲವೆಡೆ ಅದು ಇನ್ನೂ ಮೊದಲೇ ಮೂರನೆಯ ಭಾಷೆಯಾಗಿ ಬಂದು ಎಂಟನೆಯ ತರಗತಿಗೆ ಮುಗಿದೂ ಹೋಗುತ್ತದೆ. ಮಾಗಡಿಯದೋ ಕನಕಪುರದ್ದೋ ಹಳ್ಳಿಯ ಸರ್ಕಾರಿ ಪ್ರೌಢಶಾಲೆಯ ಮಕ್ಕಳಿಗೆ ಕಾಲೇಜಿಗೆ ಬರುವವರೆಗೆ ಈ ಪ್ರಶ್ನೆಯೇ ಎದುರಾಗುವುದಿಲ್ಲ.

ಜಗಳವೇನೂ ಹೊಸದಲ್ಲ. ಒಂದು ಕಾಲಕ್ಕೆ ಇದೇ ದೂರು ಸಂಸ್ಕೃತದ ಮೇಲಿತ್ತು. ಪ್ರೌಢಶಾಲೆಯಲ್ಲಿ ಅದನ್ನೇ ಪ್ರಥಮ ಭಾಷೆಯಾಗಿ ಆರಿಸಿಕೊಂಡು ಕೈತುಂಬ ಅಂಕ ತೆಗೆಯುತ್ತಾರೆ, ಕನ್ನಡವನ್ನು ಕೈಬಿಡುತ್ತಾರೆ ಎಂದು. ಗೋಕಾಕ್ ಸಮಿತಿ 1981ರಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಲಿ, ಅದಕ್ಕೆ 150 ಅಂಕವಿರಲಿ ಎಂದು ವರದಿ ಕೊಟ್ಟಿತು; ಮರುವರ್ಷ ಅದರ ಜಾರಿಗಾಗಿ ನಟ ರಾಜ್‌ಕುಮಾರ್ ಚಳವಳಿಗೆ ಇಳಿದರು. ಅಂದು ಕಾಳಿದಾಸ ಮಾಡಿದ ತಪ್ಪೇನೂ ಇರಲಿಲ್ಲ, ಇಂದು ಫ್ರೆಂಚ್ ನಾಟಕಕಾರ ಮೋಲಿಯೇರ್ ಮಾಡಿದ್ದೂ ಏನಿಲ್ಲ. ಅವರ ಭಾಷೆಗಳನ್ನು ನಾವು ಅಂಕ ತೆಗೆಯಲು ಹಿಡಿದುಕೊಂಡೆವು, ಅಷ್ಟೆ. ಹಾಗೆ ಹಿಡಿದುಕೊಂಡ ಭಾಷೆಯಲ್ಲಿ ಎದುರಿಗೆ ಮನುಷ್ಯನೇ ಇರುವುದಿಲ್ಲ ಎಂಬುದು ನನ್ನ ತಕರಾರು.

ರಾಮನಗರದ ರೇಷ್ಮೆಗೂಡು ಮಾರುಕಟ್ಟೆಗೆ ಹೋಗಿ ನೋಡಿ. ಆಂಧ್ರದಿಂದ, ತಮಿಳುನಾಡಿನಿಂದ ಗೂಡು ತುಂಬಿಕೊಂಡು ರೈತರು ಬರುತ್ತಾರೆ. ಗೂಡು ಕೊಂಡು ನೂಲು ಬಿಚ್ಚುವ ರೀಲರುಗಳಲ್ಲಿ ಅನೇಕರ ಮನೆಮಾತು ಉರ್ದು. ಹರಾಜು ಈಗ ಮೊಬೈಲಿನಲ್ಲಿ ನಡೆದರೂ ಗೂಡನ್ನು ಕೈಯಲ್ಲಿ ಹಿಡಿದು, ಅಲ್ಲಾಡಿಸಿ, ಇದು ಮೆತ್ತಗಾಯಿತು, ಇದು ಕಲೆ ಬಿದ್ದಿದೆ ಎಂದು ಚೌಕಾಸಿ ಮಾಡುವುದು ಬಾಯಲ್ಲೇ. ನೂಲು ಬಿಚ್ಚುವ ಮನೆಯ ಹುಡುಗ ಹದಿನಾರು ತುಂಬುವ ಮೊದಲೇ ಉರ್ದು, ಕನ್ನಡ, ಒಂದಿಷ್ಟು ತೆಲುಗು, ಅರೆಬರೆ ತಮಿಳು ಆಡಬಲ್ಲ. ಯಾವುದಕ್ಕೂ ಅವನಿಗೆ ಅಂಕ ಸಿಕ್ಕಿಲ್ಲ. ತಪ್ಪು ಮಾತಾಡಿದಾಗ ಎದುರಿನವರು ನಕ್ಕಿದ್ದಾರೆ, ಇಲ್ಲವೇ ದುಡ್ಡು ಕಳೆದಿದೆ. ಅದರಿಂದಲೇ ಅವನ ಮಾತು ತಿದ್ದಿಕೊಂಡಿದೆ. ಇನ್ನೊಬ್ಬರ ಭಾಷೆಯಲ್ಲಿ ಬಾಯಿ ತೆರೆಯುವುದೆಂದರೆ ಸ್ವಲ್ಪ ಹೊತ್ತು ಅವರೆದುರು ಚಿಕ್ಕವರಾಗಲು ಒಪ್ಪುವುದು. ಅಂಕಕ್ಕೆ ಕಲಿತ ಫ್ರೆಂಚ್‌ನಲ್ಲಿ ಈ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ. ನಗುವುದಕ್ಕೆ ಅಲ್ಲೊಬ್ಬ ಫ್ರೆಂಚನಾದರೂ ಬೇಕಲ್ಲ!

ಫ್ರೆಂಚ್ ತರಗತಿಯ ಪರವಾಗಿಯೂ ಒಂದು ಮಾತು ಹೇಳಬೇಕು. ನಮ್ಮ ಕಡೆಯ ಆಡುಮಾತಿನಲ್ಲಿ ಹಕಾರ ನಿಲ್ಲುವುದಿಲ್ಲ. ಹಳ್ಳಿ ಅಳ್ಳಿಯಾಗುತ್ತದೆ, ಹಾಲು ಆಲಾಗುತ್ತದೆ. ಬೆಂಗಳೂರಿನ ಕಾಲೇಜಿಗೆ ಕಾಲಿಟ್ಟ ಹುಡುಗಿ ಕನ್ನಡದ ಪಾಠವನ್ನು ಗಟ್ಟಿಯಾಗಿ ಓದಿದರೆ ಹಿಂದಿನ ಬೆಂಚು ಕಿಸಕ್ಕನೆ ನಗುತ್ತದೆ. ಅವಳದೇ ಭಾಷೆಯಲ್ಲಿ ಅವಳು ಹೊರಗಿನವಳು. ಫ್ರೆಂಚ್ ತರಗತಿಯಲ್ಲಿ ಬೆಂಗಳೂರಿನ ಜಯನಗರದವರೂ ನಮ್ಮ ಕಡೆಯ ಜಾಲಮಂಗಲದವರೂ ಒಂದೇ ಗೆರೆಯಿಂದ ಹೊರಡುತ್ತಾರೆ. ಅಲ್ಲೊಂದು ತಮಾಷೆಯೂ ಇದೆ: ಫ್ರೆಂಚರು ಹಕಾರವನ್ನು ಬರೆಯುತ್ತಾರೆ, ಓದುವಾಗ ನುಂಗಿಬಿಡುತ್ತಾರೆ. ಅದೇ ನಾಲಿಗೆ, ಅದೇ ಬಿಟ್ಟುಹೋದ ಹಕಾರ. ಒಂದು ಕೋಣೆಯಲ್ಲಿ ನಗೆಪಾಟಲು, ಪಕ್ಕದ ಕೋಣೆಯಲ್ಲಿ ಶಹಬ್ಬಾಸ್. ಕನ್ನಡದ ಕೋಣೆ ಬಿಟ್ಟು ಆಕೆ ಓಡಿಹೋದರೆ ತಪ್ಪು ಯಾರದು ಎಂದು ಕನ್ನಡದ ಮೇಷ್ಟರುಗಳೂ ಯೋಚಿಸಬೇಕು.

ಆ ನುಂಗಿದ ಹಕಾರದ ಮಾತಿಗೆ ಕನ್ನಡ ಕಾವ್ಯದಲ್ಲಿ ಪೀಠ ಹಾಕಿಕೊಟ್ಟವರು ರಾಮನಗರದಲ್ಲೇ ಹುಟ್ಟಿದ ಜಿ.ಪಿ. ರಾಜರತ್ನಂ. ಅವರ ಪದಗಳ ಕುಡುಕ ರತ್ನ ಮಾತಾಡುವುದು ಹಾಗೆಯೇ. ಅದೇ ರಾಜರತ್ನಂ ಪಾಳಿ ಭಾಷೆ ಕಲಿತು ಬುದ್ಧನ ಮಾತುಗಳನ್ನು ಕನ್ನಡಕ್ಕೆ ತಂದರು. ಪಾಳಿ ಅವರಿಗೆ ಅಂಕ ಕೊಡುವ ಭಾಷೆಯಾಗಿರಲಿಲ್ಲ. ಬುದ್ಧ ಏನು ಹೇಳಿದ ಎಂಬುದು ಅವರಿಗೆ ಬೇಕಾಗಿತ್ತು, ಆದ್ದರಿಂದ ಕಲಿತರು. ಪಡಖಾನೆಯ ಮಾತನ್ನು ಕಿವಿಗೊಟ್ಟು ಕೇಳಿದ ಕಿವಿಯೇ ಪಾಳಿಯನ್ನೂ ಕೇಳಿತು ಎಂದು ನನಗೆ ಅನ್ನಿಸುತ್ತದೆ.

ಫ್ರೆಂಚ್‌ಗೂ ಈ ನೆಲಕ್ಕೂ ಏನು ಸಂಬಂಧ ಎಂದು ಕೇಳುವವರು ಒಮ್ಮೆ ರೇಷ್ಮೆ ಇಲಾಖೆಯ ಬಿತ್ತನೆ ಕೋಠಿಗೆ ಹೋಗಬೇಕು. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು, ಸೂಕ್ಷ್ಮದರ್ಶಕದಲ್ಲಿ ಗಂಟು ರೋಗದ ಕಣಗಳಿವೆಯೇ ಎಂದು ನೋಡುತ್ತಾರೆ. ಕಂಡರೆ ಆ ಮೊಟ್ಟೆ ನಾಶ. ಈ ಪರೀಕ್ಷೆಯನ್ನು ರೂಢಿಸಿದವನು ಲೂಯಿ ಪಾಸ್ಚರ್. 1865ರಲ್ಲಿ ದಕ್ಷಿಣ ಫ್ರಾನ್ಸಿನ ರೇಷ್ಮೆ ನಾಡು ಈ ರೋಗದಿಂದ ಮುಳುಗುತ್ತಿದ್ದಾಗ ಸರ್ಕಾರ ಅವನನ್ನು ಅಲೆಸ್ ಊರಿಗೆ ಕಳಿಸಿತು. ಅವನಾಗಲೇ ಹೆಸರಾಂತ ವಿಜ್ಞಾನಿ, ಆದರೆ ರೇಷ್ಮೆಗೂಡನ್ನು ಕಂಡವನಲ್ಲ. ಕೀಟಗಳ ಬಗ್ಗೆ ಬರೆಯುತ್ತಿದ್ದ ಫಾಬ್ರ್ ಎಂಬ ಮೇಷ್ಟರ ಮನೆಗೆ ಹೋಗಿ ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗೇನೋ ಇದೆಯಲ್ಲ ಎಂದು ಕೇಳಿದನಂತೆ; ಫಾಬ್ರ್ ಅದನ್ನು ಬರೆದಿಟ್ಟಿದ್ದಾನೆ. ಮಾಗಡಿ ಸೀಮೆಯಲ್ಲಿ ಬಿತ್ತನೆ ಗೂಡು ಬೆಳೆಯುವವರ ಮನೆಯ ಮಗುವಿಗೂ ಗೊತ್ತಿರುವ ಸಂಗತಿ ಅದು. ಕೇಳಲು ಅವನು ನಾಚಲಿಲ್ಲ. 1870ರಲ್ಲಿ ಹುಳುವಿನ ರೋಗಗಳ ಮೇಲೆ ಪುಸ್ತಕವನ್ನೇ ಬರೆದ. ಫ್ರೆಂಚ್ ಬಾರದೆಯೇ ಆ ವಿದ್ಯೆ ನಮಗೆ ಬಂತು ನಿಜ. ಹಾಗಾಗಿ ಉಪಯೋಗಕ್ಕಾಗಿ ಫ್ರೆಂಚ್ ಬೇಕೇಬೇಕು ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಕಲಿಯುವ ಮಕ್ಕಳಿಗೆ ಈ ಕಥೆಯನ್ನಾದರೂ ಹೇಳಬಹುದಿತ್ತು. ಪ್ಯಾರಿಸ್ಸಿನ ಕಾಫಿ ಅಂಗಡಿಯ ಸಂಭಾಷಣೆಗಿಂತ ಅದು ಅವರ ಮನೆಗೆ ಹತ್ತಿರ.

ಭಾಷೆ ಚೆನ್ನಾಗಿ ಬಂದವರೆಲ್ಲ ಮನುಷ್ಯರನ್ನು ಚೆನ್ನಾಗಿ ಕಂಡರು ಎಂದೂ ಅಲ್ಲ. ಅಬೆ ದ್ಯುಬ್ವಾ ಎಂಬ ಫ್ರೆಂಚ್ ಪಾದ್ರಿ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದ. ಇಲ್ಲಿಯವರಂತೆ ಉಟ್ಟ, ಉಂಡ, ಇಲ್ಲಿಯ ಮಾತು ಕಲಿತ, ಸಿಡುಬಿಗೆ ಲಸಿಕೆ ಹಾಕಿಸಲು ಊರೂರು ಓಡಾಡಿದ. ಜನ ಅವನನ್ನು ದೊಡ್ಡಸ್ವಾಮಿ ಎಂದರು. 1823ರಲ್ಲಿ ವಾಪಸು ಹೊರಟವನು ಮತ್ತೆ ಬರಲಿಲ್ಲ. ಹಿಂದೂಗಳ ರೀತಿನೀತಿಗಳ ಬಗ್ಗೆ ಅವನು ಬರೆದ, ಇಂಗ್ಲಿಷಿನಲ್ಲಿ ಅಚ್ಚಾದ ಪುಸ್ತಕದಲ್ಲಿ ತನ್ನ ಜೊತೆ ಬಾಳಿದ ಜನರ ಮೇಲೆ ತಿರಸ್ಕಾರ ಅಲ್ಲಲ್ಲಿ ಎದ್ದು ಕಾಣುತ್ತದೆ. ಸಾಲದ್ದಕ್ಕೆ, ಅದರ ಬಹುಭಾಗ ಅವನಿಗಿಂತ ಹಿಂದಿನ ಕೂರ್ದೂ ಎಂಬ ಪಾದ್ರಿಯ ಹಸ್ತಪ್ರತಿಯಿಂದ ಎತ್ತಿದ್ದು ಎಂದು ವಿದ್ವಾಂಸರು ಪತ್ತೆ ಹಚ್ಚಿದ್ದಾರೆ. ಲಸಿಕೆ ಹಾಕಿಸಿದವನೂ ಅವನೇ, ನಕಲು ಹೊಡೆದವನೂ ಅವನೇ. ಭಾಷೆ ಅವನನ್ನು ಜನರ ಮನೆಯೊಳಕ್ಕೆ ಬಿಟ್ಟಿತು. ಒಳಗೆ ಹೋದ ಮೇಲೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಅವನು ಬೇರೆಲ್ಲಿಂದಲಾದರೂ ಕಲಿಯಬೇಕಿತ್ತು.

ಇಷ್ಟಾದರೂ ರೈಲಿನಲ್ಲಿ ಕೂತ ಅಪ್ಪನ ಪ್ರಶ್ನೆ ಹಾಗೇ ಇದೆ. ರಾಮನಗರ ಜಿಲ್ಲೆಯ ಹೆಸರೇ ಬೆಂಗಳೂರು ದಕ್ಷಿಣ ಎಂದಾಗಿದೆ, ನಗರ ಇತ್ತಲೇ ಹರಿದು ಬರುತ್ತಿದೆ, ಜೊತೆಗೆ ಫ್ರೆಂಚ್ ಕಲಿಸುವ ಶಾಲೆಗಳೂ ಬರುತ್ತವೆ. ತಡೆಯಬೇಕೆಂದು ನನಗೆ ಅನ್ನಿಸುವುದಿಲ್ಲ. ಕನ್ನಡ ತೆಗೆದುಕೊಂಡವರು ಗೈಡು ಉರುಹೊಡೆದು ಬರೆಯುವುದೂ, ಫ್ರೆಂಚ್ ತೆಗೆದುಕೊಂಡವರು ಕ್ರಿಯಾಪದದ ಪಟ್ಟಿ ಉರುಹೊಡೆದು ಬರೆಯುವುದೂ ಒಂದೇ ಕೆಲಸ. ಪಿಯುಸಿಯಲ್ಲಿ ಈಗ ಭಾಷೆಗಳಿಗೂ 20 ಆಂತರಿಕ ಅಂಕಗಳಿವೆ. ಅವನ್ನು ಹಾಳೆಗೆ ಕೊಡುವ ಬದಲು ಬಾಯಿಗೆ ಕೊಡಲಿ. ಫ್ರೆಂಚ್ ಕಲಿತವಳು ತನ್ನ ಮನೆಯ ಹುಳು ಯಾವ ಜ್ವರದಲ್ಲಿದೆ, ಅಂದರೆ ಪೊರೆ ಬಿಡುವ ಯಾವ ಹಂತದಲ್ಲಿದೆ, ಸೊಪ್ಪು ಎಷ್ಟು ಹೊತ್ತಿಗೆ ಹಾಕಬೇಕು ಎಂಬುದನ್ನು ಹತ್ತು ನಿಮಿಷ ಫ್ರೆಂಚ್‌ನಲ್ಲಿ ಹೇಳಲಿ, ತಡವರಿಸಿದರೂ ಸರಿ. ಕನ್ನಡ ಕಲಿತವನು ಗೂಡು ಮಾರುಕಟ್ಟೆಗೆ ಹೋಗಿ, ಕನ್ನಡ ಅಷ್ಟಾಗಿ ಬಾರದ ಒಬ್ಬ ರೈತನ ಜೊತೆ ಮಾತಾಡಿ, ಅವನು ಹೇಳಿದ್ದನ್ನು ತರಗತಿಯಲ್ಲಿ ಬಂದು ವಿವರಿಸಲಿ. ಅಳ್ಳಿ ಎಂದರೆ ಅಂಕ ಕಳೆಯಬಾರದು. ಇಂಥ ಪರೀಕ್ಷೆ ಬಂದರೆ ಫ್ರೆಂಚ್ ಅರ್ಜಿಗಳು ಅರ್ಧಕ್ಕಿಳಿಯಬಹುದು, ಕನ್ನಡದವೂ ಒಂದಿಷ್ಟು ಇಳಿಯಬಹುದು. ಇಳಿಯಲಿ ಬಿಡಿ.